ಗೋಣಿತಾಟಿನ ಮನುಷ್ಯ

ಹರವೆಯ ಸಿದ್ದಮಲ್ಲಪ್ಪನವರ ಮನೆಯ ಬಚ್ಚಲ ಒಲೆಯಲ್ಲಿ ಆ ಬೆಳಿಗ್ಗೆ ಒಬ್ಬ ಗಂಡಸು ಉರಿದು ಬೂದಿಯಾದ. ಕಾಗದದವನು, ನಿಜ. ಆದರೂ ಮಗಳು ಗುರುಮಲ್ಲಮ್ಮನಿಗೆ ನೆಂಟರು ಯಾರೋ ತೀರಿಕೊಂಡಷ್ಟು ಸಂಕಟವಾಯಿತು.

ಅವನು ಇದ್ದದ್ದು ಅವಳ ಪುಸ್ತಕದಲ್ಲಿ. ಅಕ್ಕನ ಹೆರಿಗೆಗೆಂದು ಗುಂಡ್ಲುಪೇಟೆಗೆ ಹೋಗಿದ್ದಾಗ ಅಲ್ಲಿನ ನರ್ಸಮ್ಮ ಬಿಸಿನೀರು ಹಿಡಿ, ಬಟ್ಟೆ ಕೊಡು ಎಂದು ಇವಳನ್ನೇ ಓಡಾಡಿಸಿದ್ದಳು. ಮಗು ಮೊದಲ ಸಲ ಕಿರುಚಿದ್ದೇ ತಡ, ತಾನೂ ಇದೇ ಕೆಲಸ ಮಾಡಬೇಕೆಂದು ಗುರುಮಲ್ಲಮ್ಮನ ತಲೆಗೆ ಹೊಕ್ಕಿತು. ನರ್ಸಮ್ಮ ಹೊರಡುವಾಗ ತಾನು ಓದಿದ ಹಳೆಯ ಪುಸ್ತಕವನ್ನು ಅವಳ ಕೈಗಿಟ್ಟಳು. ಮೈಯೊಳಗಿನ ಅಂಗಾಂಗಗಳೆಲ್ಲ ಅದರಲ್ಲಿದ್ದವು. ನಡುವಿನ ಹಾಳೆಗಳಲ್ಲಿ ಬಣ್ಣದ ಚಿತ್ರ.

ಆ ಹಾಳೆಗಳನ್ನೇ ಅಜ್ಜಿ ದೊಡ್ಡಮಲ್ಲಮ್ಮ ಕಿತ್ತು ಒಲೆಗೆ ಹಾಕಿದ್ದು.

"ಬಟ್ಟೆ ಇಲ್ದೋನು ಎದುರಾದ್ರೆ ಕಣ್ಣು ಮುಚ್ಕೋಬೋದು," ಎಂದಳು ಅಜ್ಜಿ. "ಇವ್ನ ಮೈಮ್ಯಾಲೆ ತೊಗಲೂ ಇಲ್ವಲ್ಲಮ್ಮಿ! ಇಂತೋನ್ನ ಮದ್ವೆಯಾಗದ ಎಣ್ಣು ತಲೆದಿಂಬಿನ ಕೆಳ್ಗೆ ಮಡೀಕಂಡು ಮನಗೋದಾ?"

"ಅಜ್ಜೀ, ಅದು ಪಾಠ!"

"ಪಾಠದ ಅಕ್ಸರ ಒಂದೂ ಸುಟ್ಟಿಲ್ಲ. ಓದ್ಕೋ ಓಗು."

ಸಂಕಟಕ್ಕೆ ಕಾರಣವಿತ್ತು. ಪಂಚವಾರ್ಷಿಕ ಯೋಜನೆ ಎಂದು ಹೊಸದಾಗಿ ಬಂದಿದ್ದ ಕಾಲ ಅದು. ಸೂಲಗಿತ್ತಿ ತರಬೇತಿಗೆ ಹುಡುಗಿಯರನ್ನು ಆರಿಸಲು ಮೈಸೂರಿನಿಂದ ದೊಡ್ಡ ಡಾಕ್ಟರಮ್ಮ ಮುಂದಿನ ಸೋಮವಾರ ಚಾಮರಾಜನಗರಕ್ಕೆ ಬರುವವರಿದ್ದರು. ಮಗಳು ಊಟ ಬಿಟ್ಟು ಕೂತ ಮೇಲೆ ಸಿದ್ದಮಲ್ಲಪ್ಪನವರು ಒಪ್ಪಿದ್ದರು. ಒಪ್ಪಿದ್ದೂ ಅಳತೆ ಹಾಕಿಯೇ.

"ಒಂದ್ಸಲ ಕಣಮ್ಮಿ. ಆರಿಸ್ಕಂಡ್ರೆ ಮೈಸೂರು. ಇಲ್ದಿದ್ರೆ ಆ ಪುಸ್ತಕ ಅಟ್ಟಕ್ಕೆ. ಆಮೇಲೆ ಈ ಮಾತು ಈ ಮನೇಲಿ ಏಳಕೂಡ್ದು."

ಗುರುಮಲ್ಲಮ್ಮ ಹಿತ್ತಲ ಕಲ್ಲಿನ ಮೇಲೆ ಕೂತು ಹೆಸರುಗಳನ್ನು ಅಷ್ಟೋತ್ತರದ ಹಾಗೆ ಉರುಹೊಡೆದಳು. ಶ್ವಾಸಕೋಶ, ಯಕೃತ್ತು, ಜಠರ, ಪಿತ್ತಕೋಶ, ಮೂತ್ರಪಿಂಡ. ಹೆಸರೇನೋ ನಾಲಿಗೆಯ ತುದಿಯಲ್ಲಿದ್ದವು. ಆದರೆ ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದರ ಪಕ್ಕ ಯಾವುದು? ಮದುವೆ ಮನೆಗೆ ಬಂದ ನೆಂಟರ ಹೆಸರೆಲ್ಲ ಗೊತ್ತಿದ್ದು, ಯಾರು ಗಂಡಿನ ಕಡೆ ಯಾರು ಹೆಣ್ಣಿನ ಕಡೆ ಎಂದು ತಿಳಿಯದ ಹಾಗಾಗಿತ್ತು ಅವಳ ಪಾಡು.

ಅಲ್ಲೇ ಬದನೆ ಪಾತಿಯಲ್ಲಿ ಮಾದಮ್ಮ ಕಳೆ ಕೀಳುತ್ತಿದ್ದಳು. ಗುರುಮಲ್ಲಮ್ಮ ತೊಟ್ಟಿಲಲ್ಲಿದ್ದ ಕಾಲದಿಂದ ಆ ಹಿತ್ತಲು ನೋಡಿಕೊಂಡವಳು ಅವಳೇ.

"ಏನವ್ವ ಅದು, ಯಕ್ರುತ್ತು?"

"ಪಿತ್ತ ಮಾಡೋ ಅಂಗ, ಮಾದಮ್ಮ. ಕಂದು ಬಣ್ಣ, ಮೆತ್ತಗೆ, ಹೋಳು ಹೋಳಾಗಿರ್ತದಂತೆ."

"ಈಲಿ ಅನ್ನಿ! ಅದ್ಕೆ ಇಷ್ಟುದ್ದ ಎಸರು ಯಾಕವ್ವ?" ಎಂದವಳೇ ಮಾದಮ್ಮ ನಾಲಿಗೆ ಕಚ್ಚಿಕೊಂಡು ಅಡುಗೆಮನೆ ಬಾಗಿಲ ಕಡೆ ನೋಡಿದಳು.

"ನಿಂಗೆ ಇದೆಲ್ಲ ಗೊತ್ತಾ?"

"ಎಲ್ಲಾ ಗೊತ್ತು. ಎಂಗೆ ಗೊತ್ತು ಅಂತ ಮಾತ್ರ ಕೇಳ್ಬ್ಯಾಡಿ."

ಸಿದ್ದಮಲ್ಲಪ್ಪನವರ ಮನೆಯಲ್ಲಿ ಬಾಡೂಟದ ಮಾತಿರಲಿ, ಮಾದಮ್ಮನ ಬೀದಿಯಲ್ಲಿ ಹಬ್ಬವಾದ ದಿನ ವಾಸನೆ ಬಂದೀತೆಂದು ಪಡುವಣ ಕಿಟಕಿಯನ್ನೇ ತೆಗೆಯುತ್ತಿರಲಿಲ್ಲ. ಗುರುಮಲ್ಲಮ್ಮನಿಗೆ ಊಹೆ ಹತ್ತದೆ ಇರಲಿಲ್ಲ. ಊಹೆಯನ್ನು ಬಾಯಿಬಿಟ್ಟು ಹೇಳಿದರೆ ಪಾಠ ಅಲ್ಲಿಗೇ ನಿಲ್ಲುತ್ತದೆಂಬುದೂ ಗೊತ್ತಿತ್ತು. ಕೇಳಲಿಲ್ಲ.

ಮಾದಮ್ಮ ನೆರಳಿಗೆ ಗೋಣಿತಾಟು ಹಾಸಿದಳು. ಮೇಲೆ ತೆಂಗಿನಕಾಯಿ ಇಟ್ಟಳು, ಅದು ತಲೆ. ಅದರ ಕೆಳಗೆ ಗೆಣ್ಣು ಗೆಣ್ಣಾದ ನುಗ್ಗೆಕಾಯಿ, ಅದು ಉಸಿರಿನ ಕೊಳವೆ. ಬೇಲಿಯಲ್ಲಿ ಒಣಗಿದ್ದ ಎರಡು ತುಪ್ಪೀರೆಕಾಯಿ ಕಿತ್ತು ಅತ್ತ ಒಂದು ಇತ್ತ ಒಂದು ಇಟ್ಟು, "ಅದುಮಿ ನೋಡಿ, ಒಳಗೆಲ್ಲ ಗಾಳಿ. ಇದೇ ನಿಮ್ಮ ಸ್ವಾಸದ ಚೀಲ," ಎಂದಳು. ನಡುವೆ, ಕೊಂಚ ಎಡಕ್ಕೆ ವಾಲಿಸಿ, ತೊಟ್ಟು ಸಮೇತ ಒಂದು ಬದನೆಕಾಯಿ.

"ಗುಂಡಿಗೆ. ತೊಟ್ಟಿನ ತಾವಿಂದ್ಲೇ ರಕ್ತದ ಕೊಳವೆಗಳು ಒರಡೋದು."

ಬಲಗಡೆ ಕುಂಬಳದ ಹೋಳು ಯಕೃತ್ತಾಯಿತು. ಅದರ ಮಗ್ಗುಲಿಗೆ ಒಂದು ಎಳೆ ಹಾಗಲಕಾಯಿ ಅಡಗಿ ಕೂತಿತು. "ಇದು ಪಿತ್ತ. ಉಸಾರು ಕಣವ್ವ, ಒಡೆದ್ರೆ ಪಾತ್ರೆಯೆಲ್ಲಾ ಕಯಿ," ಎಂದು ಮಾದಮ್ಮ ಮತ್ತೊಮ್ಮೆ ಬಾಗಿಲು ನೋಡಿದಳು. ಬೆನ್ನ ಕಡೆಗೆ ಎರಡು ಹಲಸಿನ ಬೀಜ ಮೂತ್ರಪಿಂಡವಾದವು. ಕುಂಬಳದ ಬಳ್ಳಿ ಸುರುಳಿ ಸುತ್ತಿ ಕರುಳಾಯಿತು.

"ಜಠರ? ಅನ್ನ ಹೋಗಿ ಬೀಳೋ ಚೀಲ?"

"ಅದು ನಾಕು," ಎಂದು ಮಾದಮ್ಮ ಒಂದು ದೊಡ್ಡ ಸೋರೆಕಾಯಿ, ಮೂರು ಸಣ್ಣವು ತಂದಳು.

"ನಾಲ್ಕಾ? ಪುಸ್ತಕದಲ್ಲಿ ಹಂಗೇನೂ ಬರೆದಿಲ್ಲ."

"ಪುಸ್ತಕದೋರು ತೊಳ್ದವ್ರಾ? ಒಂದು ಒಳಗೆ ಟುವಾಲು ಇದ್ದಂಗೆ. ಇನ್ನೊಂದು ಜೇನುಟ್ಟಿ ಇದ್ದಂಗೆ. ಮೂರನೇದು ನಿಮ್ ಪುಸ್ತಕ ಇದ್ದಂಗೇ, ಬರೀ ಆಳೆ ಆಳೆ. ಕೊನೇದು ಸುಮ್ನೆ ಚೀಲ."

ಆ ಮೂರನೆಯದು ಗುರುಮಲ್ಲಮ್ಮನ ಮನಸ್ಸಿಗೆ ಬಹಳ ಹಿಡಿಸಿತು. ಓದು ಬರದವರೂ ಹೊಟ್ಟೆಯೊಳಗೆ ಒಂದು ಪುಸ್ತಕ ಇಟ್ಟುಕೊಂಡೇ ಹುಟ್ಟುತ್ತಾರಲ್ಲ!

"ನರಮಂಡಲ, ಮಾದಮ್ಮ?"

"ಅದು ಬೇಯಿಸಿದ್ರೆ ಕಾಣಲ್ಲ ಕಣವ್ವ," ಎಂದು ಮಾದಮ್ಮ ತಟ್ಟನೆ ಕುಡುಗೋಲು ಹಿಡಿದು ಪಾತಿಗೆ ನಡೆದಳು.

ಕುಯ್ದ ತರಕಾರಿ ಒಣಗಿಸಲಾಗುತ್ತದೆಯೇ? ಆ ದಿನ ಮನೆಯಲ್ಲಿ ಗುಂಡಿಗೆಯ ಎಣ್ಣೆಗಾಯಿ, ಯಕೃತ್ತಿನ ಪಲ್ಯ, ನಾಲ್ಕು ಜಠರದ ಕೂಟು. ಅಜ್ಜಿ ಎರಡನೇ ಸಲ ಬಡಿಸಿಕೊಂಡು, "ಇವತ್ತು ಕೈರುಚಿ ಪಸಂದಾಗಿ ಅದೆ," ಎಂದಳು. ಗುರುಮಲ್ಲಮ್ಮ ತಲೆ ಎತ್ತದೆ ಉಂಡಳು.

ಸೋಮವಾರ ಅಪ್ಪ ಮಗಳು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದರು. ಡಾಕ್ಟರಮ್ಮನ ಹೆಸರು ಮಹಾಲಕ್ಷ್ಮಮ್ಮ. ದಪ್ಪ ಕನ್ನಡಕ, ಗಟ್ಟಿ ದನಿ. ಮಗಳನ್ನು ಒಂಟಿಯಾಗಿ ಒಳಗೆ ಬಿಡಲು ಸಿದ್ದಮಲ್ಲಪ್ಪನವರು ಒಪ್ಪಲಿಲ್ಲ. ರುಮಾಲು ಸರಿಮಾಡಿಕೊಂಡು ತಾವೂ ಬೆಂಚಿನ ಮೇಲೆ ಕೂತರು.

ಗುರುಮಲ್ಲಮ್ಮ ಹೆಸರುಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

"ಹೆಸರನ್ನು ಗಿಣಿಯೂ ಹೇಳುತ್ತೆ," ಎಂದರು ಡಾಕ್ಟರಮ್ಮ. "ಎಲ್ಲಿವೆ, ತೋರಿಸು. ಪಟ ಮೈಸೂರಲ್ಲೇ ಉಳಿದುಬಿಟ್ಟಿದೆ. ಯಜಮಾನರೆ, ಸುಮ್ಮನೆ ಕೂತಿದ್ದೀರಲ್ಲ, ಕೊಂಚ ಎದ್ದು ನಿಲ್ಲಿ."

"ನಾನಾ?"

"ನೀವೇ. ಎಲ್ಲಾ ಅಂಗವೂ ಇದೆ ತಾನೆ?"

ಸಿದ್ದಮಲ್ಲಪ್ಪನವರು ಪಂಚಾಯಿತಿ ಕಟ್ಟೆಯ ಮೇಲೆ ನಿಲ್ಲುವ ಗತ್ತಿನಲ್ಲೇ ನಿಂತರು. ಮಗಳ ಕೈಗೆ ಡಾಕ್ಟರಮ್ಮ ಅಡಿಕೋಲು ಕೊಟ್ಟರು.

"ಹೃದಯ, ಈ ಕರಡಿಗೆ ಹಿಂದೆ, ಕೊಂಚ ಎಡಕ್ಕೆ," ಎಂದು ಗುರುಮಲ್ಲಮ್ಮ ಅಪ್ಪನ ಎದೆಯ ಮೇಲೆ ತೂಗುತ್ತಿದ್ದ ಬೆಳ್ಳಿಯ ಲಿಂಗದ ಕರಡಿಗೆಯನ್ನು ತೋರಿಸಿದಳು. "ಶ್ವಾಸಕೋಶ ಇಲ್ಲೊಂದು, ಇಲ್ಲೊಂದು."

"ಅಯ್ಯಯ್ಯೋ, ಕಚಗುಳಿ ಕಣಮ್ಮಿ!"

"ಅಲ್ಲಾಡಬ್ಯಾಡಿ ಅಪ್ಪಾಜಿ. ಬಲಗಡೆ ಪಕ್ಕೆಯ ಕೆಳಗೆ ಯಕೃತ್ತು. ಅದರ ಮಗ್ಗುಲಿಗೆ ಪಿತ್ತಕೋಶ. ಒಡೆದರೆ ಪಾತ್ರೆಯೆಲ್ಲಾ ಕಹಿ."

"ಯಾವ ಪಾತ್ರೆ?" ಡಾಕ್ಟರಮ್ಮನ ಹುಬ್ಬು ಮೇಲೇರಿತು.

ಗುರುಮಲ್ಲಮ್ಮ ಕೇಳದವಳ ಹಾಗೆ ಅಪ್ಪನನ್ನು ತಿರುಗಿಸಿ ಬೆನ್ನ ಮೇಲೆ ಮೂತ್ರಪಿಂಡ ತೋರಿಸಿದಳು. ಮತ್ತೆ ತಿರುಗಿಸಿ ಹೊಟ್ಟೆಗೆ ಅಡಿಕೋಲು ತಂದಳು. ಇಷ್ಟು ಹೊತ್ತಿಗೆ ಧೈರ್ಯ ಬಂದಿತ್ತು.

"ಜಠರ ನಾಲ್ಕು. ಒಂದು ಟುವಾಲಿನ ಹಾಗೆ, ಒಂದು ಜೇನುಹುಟ್ಟಿನ ಹಾಗೆ, ಒಂದು ಪುಸ್ತಕದ ಹಾಳೆಗಳ ಹಾಗೆ—"

"ನಂಗಾ?" ಎಂದು ಸಿದ್ದಮಲ್ಲಪ್ಪನವರು ತಮ್ಮ ಹೊಟ್ಟೆಯನ್ನು ಹೊಸದಾಗಿ ನೋಡಿಕೊಂಡರು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಯಜಮಾನರೆ, ಉಂಡಮೇಲೆ ಮೆಲುಕು ಹಾಕ್ತೀರಾ?"

"ಎತ್ತು ಆಕ್ತವೆ. ನಾನ್ಯಾಕೆ ಆಕ್ಲಿ?"

"ಮೆಲುಕು ಹಾಕೋ ಹಸು, ಕುರಿ, ಆಡಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮನುಷ್ಯನಿಗೆ ಒಂದೇ." ನಗು ನಿಂತಿತು. "ನೀನು ಯಾರ ಹೊಟ್ಟೆ ನೋಡಿ ಕಲಿತೆಯಮ್ಮ? ಊಹಿಸಿ ಹೇಳಿದೆಯಾ? ಊಹಿಸಿ ಕೆಲಸ ಮಾಡೋ ಹುಡುಗಿ ಬಾಣಂತಿ ಹತ್ತಿರ ಇರಕೂಡದು. ಹಾಗಿದ್ದರೆ ಈಗಲೇ ಮನೆಗೆ ಹೋಗು."

ಊಹಿಸಿದೆ ಎಂದರೆ ಇಲ್ಲಿ ಬಾಗಿಲು ಮುಚ್ಚುತ್ತದೆ. ನಿಜ ಹೇಳಿದರೆ ಮನೆಯಲ್ಲಿ ಯಾವ ಬಾಗಿಲು ಮುಚ್ಚುತ್ತದೋ. ಗುರುಮಲ್ಲಮ್ಮ ಅಪ್ಪನ ಕಡೆ ನೋಡದೆ ಹೇಳಿದಳು:

"ಊಹೆ ಅಲ್ಲ, ಡಾಕ್ಟರಮ್ಮ. ನಮ್ಮ ಹಿತ್ತಲ ಮಾದಮ್ಮ ತರಕಾರಿ ಇಟ್ಟು ಹೇಳಿಕೊಟ್ಟಳು. ಚಿತ್ರ ಸುಟ್ಟುಹೋಗಿತ್ತು. ಅದು ಆಡಿನ ಲೆಕ್ಕ ಅಂತ ನನಗೂ ಒಳಗೊಳಗೇ ಅನ್ನಿಸಿತ್ತು. ಕೇಳಲಿಲ್ಲ. ತಪ್ಪು ನನ್ನದು, ಅವಳದಲ್ಲ."

ಸಿದ್ದಮಲ್ಲಪ್ಪನವರ ಕೈ ತಾನಾಗಿ ಕರಡಿಗೆಯ ಮೇಲೆ ಹೋಯಿತು.

"ಆವತ್ತಿನ ಎಣ್ಣೆಗಾಯಿ..."

"ಹೃದಯ, ಅಪ್ಪಾಜಿ."

"ಸೋರೆಕಾಯಿ ಕೂಟು?"

"ಜಠರ."

ಅವರು ನಿಟ್ಟುಸಿರು ಬಿಟ್ಟರು. ಮಗಳ ಮುಖ ನೋಡಿದರು, ಅವಳ ಕೈಯಲ್ಲಿದ್ದ ಅಡಿಕೋಲು ನೋಡಿದರು. ಆಮೇಲೆ ದನ ಕೊಳ್ಳುವಾಗಿನ ದನಿಯಲ್ಲಿ ಕೇಳಿದರು:

"ಡಾಕ್ಟ್ರವ್ವ, ಮೂರು ಕಳದ್ರೆ ಮಿಕ್ಕಿದ್ದೆಲ್ಲಾ ಸರಿಯಾ?"

ಡಾಕ್ಟರಮ್ಮ ಕನ್ನಡಕ ಹಾಕಿಕೊಂಡರು. "ಮಿಕ್ಕಿದ್ದೆಲ್ಲಾ ಸರಿ. ಬೆಳಗಿನಿಂದ ಬಂದವರಲ್ಲಿ ಯಕೃತ್ತನ್ನು ಬಲಗಡೆ ಇಟ್ಟವಳು ಇವಳೊಬ್ಬಳೇ."

"ಅಂಗಾದ್ರೆ ಆ ಮೂರು ತೆಗೆದಾಕ್ಬುಡಿ. ಉಡುಗೀನ ಸೇರಿಸ್ಕಳಿ."

"ಸೇರಿಸಿಕೊಂಡಿದ್ದೀನಿ. ಆದರೆ ಗುರುಮಲ್ಲಮ್ಮ, ಇನ್ನು ಮೇಲೆ ಅನುಮಾನ ಬಂದದ್ದನ್ನ ಕೇಳದೆ ಬಿಡಬೇಡ."

ಬಸ್ಸಿನಲ್ಲಿ ಅಪ್ಪ ಆಡಿದ್ದು ಒಂದೇ ಮಾತು: "ನಿಮ್ಮಜ್ಜಿಗೆ ಏಳ್ಬ್ಯಾಡ. ಎಲ್ಡು ಸಲ ಬಡಿಸ್ಕಂಡವ್ರೆ."

ಮನೆ ತಲುಪಿದವರೇ ಅವರು ಕಾಲು ತೊಳೆಯಲೂ ನಿಲ್ಲದೆ ಹಿತ್ತಲಿಗೆ ನಡೆದರು. ಮಾದಮ್ಮ ಎದ್ದು ನಿಂತಳು. ಗುರುಮಲ್ಲಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಅಪ್ಪ ಚಪ್ಪರಕ್ಕೆ ಕೈ ಹಾಕಿ ಬಲಿತ ಸೋರೆಕಾಯಿ ಮೂರು ಕಿತ್ತು ಮಾದಮ್ಮನ ಮಡಿಲಿಗೆ ಹಾಕಿದರು.

"ತಗಾ. ನಿನ್ನ ಲೆಕ್ಕದಲ್ಲಿ ಮೂರು ಎಚ್ಚಾಗಿತ್ತಂತೆ. ಮನ್ಸುಂಗೆ ಒಂದೇ ಒಟ್ಟೆ ಕಣ."

ಮಾದಮ್ಮ ಮಡಿಲು ನೋಡಿದಳು, ಬಾಗಿಲಲ್ಲಿ ನಗುತ್ತಿದ್ದ ಹುಡುಗಿಯನ್ನು ನೋಡಿದಳು. ಅವಳಿಗೆ ಎಲ್ಲಾ ತಿಳಿಯಿತು, ಒಂದನ್ನು ಬಿಟ್ಟು.

"ಒಂದೇನಾ, ಯಜಮಾನ್ರೆ? ಅಂಗಾದ್ರೆ ಆ ಒಂದ್ನ ತುಂಬ್ಸಾಕೆ ಇಷ್ಟೊಂದು ಕಳೆ ಕೀಳ್ಬೇಕಾ ನಾವು!"