ತಗ್ಗಿನ ಮೂಲೆ

ಅಕ್ಕನ ಮನೆಯ ಮೂರು ಮೆಟ್ಟಿಲುಗಳನ್ನು ಎಂಜಿನಿಯರು ಕಾಲಿನಿಂದಲೇ ತಡವಿಕೊಂಡು ಹತ್ತಿದ. ಮಳೆ ನಿಂತು ಎರಡು ದಿನವಾಗಿತ್ತು. ಬೀದಿಯ ನೀರು ಮಾತ್ರ ಕದಲಿರಲಿಲ್ಲ. ಮನೆಯೊಳಗೂ ಹಿಮ್ಮಡಿ ಮುಳುಗುವಷ್ಟಿತ್ತು.

"ಬಾಪ್ಪಾ, ನಿನ್ನ ಕೆರೆ ನೋಡೋಕೆ ಬಂದ್ಯಾ?" ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ಭಾವ ಕೇಳಿದ.

"ಸುಮ್ನಿರಿ," ಅಡುಗೆಮನೆಯಿಂದ ಅಕ್ಕ ಗದರಿದಳು. "ಅವನು ಬರ್ದಿದ್ದು ತಪ್ಪಿರಲ್ಲ. ಕಟ್ಟಿದವ್ರೇ ಚರಂಡೀಲಿ ಮಣ್ಣು ಬಿಟ್ಟಿರ್ತಾರೆ. ಅಕ್ಕಪಕ್ಕದವ್ರಿಗೂ ಅದನ್ನೇ ಹೇಳಿದೀನಿ."

ಬಡಾವಣೆಯ ಚರಂಡಿ ನಕ್ಷೆ ಅವನದೇ. ಈ ತುದಿಯಿಂದ ಆ ತುದಿಗೆ ಒಂದು ಗೇಣೂ ಇಳಿಜಾರಿಲ್ಲದ ನೆಲ. ಹರಿದುಹೋಗದ ನೀರಿಗೆ ತಂಗಲು ಜಾಗ ಬೇಕೆಂದು ತಗ್ಗಿನ ಮೂಲೆಯಲ್ಲಿ ಅವನು ದೊಡ್ಡದೊಂದು ಹೊಂಡ ಬರೆದಿದ್ದ. "ಹತ್ತು ಸೈಟು ನುಂಗುತ್ತಲ್ರೀ ನಿಮ್ಮ ಹೊಂಡ!" ಎಂದು ಬಡಾವಣೆಯ ಮಾಲೀಕ ನಕ್ಕಿದ್ದ. ಇವನು ಒಂದು ವಾರ ಹಟ ಹಿಡಿದ. ಎಂಟನೆಯ ದಿನ ಹೊಂಡ ಅಳಿಸಿದ ನಕ್ಷೆ ಮೇಜಿಗೆ ಬಂತು. ತಾನು ಹಾಕದಿದ್ದರೆ ಬೇರೊಬ್ಬ ಹಾಕುತ್ತಾನೆ ಎಂದುಕೊಂಡು ಸಹಿ ಹಾಕಿದ.

ವರ್ಷ ಕಳೆದ ಮೇಲೆ ಅಕ್ಕ ಫೋನ್ ಮಾಡಿದ್ದಳು. "ಮನೆ ತಗೊಂಡ್ವಿ ಕಣೋ! ನಿನ್ನ ಬಡಾವಣೇಲೇ, ಕೊನೇ ಬೀದಿ. ನೀನು ಮಾಡಿದ್ದು ಅಂತ ಕಣ್ಮುಚ್ಚಿ ತಗೊಂಡೆ."

"ಒಳ್ಳೇದಾಯ್ತು" ಎಂದಿದ್ದ. ಅಷ್ಟೇ ಅವನ ಬಾಯಿಂದ ಬಂದದ್ದು.

ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. "ಇವ್ರೇನಾ ನಿಮ್ಮ ತಮ್ಮ? ನೋಡಿ ಸಾರ್, ನಮ್ಮತ್ತೆ ನಿನ್ನೆ ಈ ನೀರಲ್ಲೇ ಜಾರಿ ಸೊಂಟ ಮುರ್ಕೊಂಡ್ರು. ಯಾಕ್ ಸಾರ್ ಹೋಗ್ತಾ ಇಲ್ಲ ಇದು?"

"ಹೇಳೋ," ಎಂದಳು ಅಕ್ಕ. ಅವಳ ದನಿಯಲ್ಲಿ ಹೆಮ್ಮೆಯಿತ್ತು.

"ಹೋಗೋಕೆ ಜಾಗ ಇಲ್ಲ," ಎಂದ ಅವನು. "ನಾನು ಇಲ್ಲಿ ಹೊಂಡ ಬರ್ದಿದ್ದೆ."

"ಇಲ್ಲಿ ಅಂದ್ರೆ?"

"ಇಲ್ಲೇ ಅಕ್ಕ. ನಿನ್ನ ಅಡುಗೆಮನೆ ಇರೋ ಕಡೆ. ಆಮೇಲೆ ಅಳಿಸಿದ್ರು. ನಾನೂ ಸಹಿ ಹಾಕ್ದೆ."

ಪಕ್ಕದ ಮನೆಯಾಕೆ ಹೊರಟುಹೋದಳು. ಭಾವ ಗೋಡೆಯ ಕಡೆ ತಿರುಗಿ ಕೂತ.

"ನಾನು ಫೋನ್ ಮಾಡ್ದಾಗ ಗೊತ್ತಿತ್ತಾ ನಿಂಗೆ?"

ಅವನು ಹೌದೆಂದು ತಲೆಯಾಡಿಸಿದ.

ಅಕ್ಕ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಸೊಂಟ ಬಗ್ಗಿಸಿ ನೀರನ್ನು ಬಾಗಿಲ ಕಡೆ ತಳ್ಳತೊಡಗಿದಳು. ಅವನು ಪೊರಕೆಗೆ ಕೈ ಚಾಚಿದ. ಅವಳು ಕೊಡಲಿಲ್ಲ. ತಳ್ಳಿದ ನೀರು ಹೊಸಿಲವರೆಗೆ ಹೋಗಿ, ತುಸು ತಡೆದು, ಮತ್ತೆ ಅವಳ ಪಾದಗಳ ಸುತ್ತ ಬಂದು ನಿಲ್ಲುತ್ತಿತ್ತು.