ಹಿಂಗಾಲು ಮಡಚಿದ ಕಾರು

ಇಂಗ್ಲೆಂಡಿನ ಕಾರ್ಖಾನೆ ಊರು ಕವೆಂಟ್ರಿಯ ಗಂಡಸರು ಹಗಲಿಡೀ ಕಾರ್ಖಾನೆಯಲ್ಲಿ ಬೇರೆಯವರ ಕಾರು ಜೋಡಿಸಿ, ಸಂಜೆ ಹಿತ್ತಲ ಶೆಡ್ಡಿನಲ್ಲಿ ತಮ್ಮದೇ ಒಂದನ್ನು ಜೋಡಿಸಲು ಕೂರುತ್ತಾರೆ. ಹುಚ್ಚು ಎನ್ನಿ, ಚಟ ಎನ್ನಿ. ಹೊರೇಸ್ ಪಿನ್‌ಫೋಲ್ಡ್ ಮತ್ತು ಅವನ ಗೆಳೆಯ ಕ್ಲೆಮ್ ಮೂರು ಚಳಿಗಾಲ ಹೀಗೇ ಕಳೆದಿದ್ದರು. ಕಾರಿನ ಮೈ, ಲಾರಿಯಲ್ಲಿ ತರಿಸಿದ ಫೈಬರ್‌ಗ್ಲಾಸಿನದು. ಹಿಂದಿನ ಆಕ್ಸಲ್ ಮಾತ್ರ ಹೊರೇಸನ ತಲೆಯಲ್ಲಿ ಹುಟ್ಟಿದ್ದು: ಒಂದೇ ದಂಡದ ಬದಲು ನಡುವೆ ಕೀಲಿಟ್ಟ ಎರಡು ತೋಳು, ಒಂದೊಂದು ಚಕ್ರಕ್ಕೂ ಅದರದರದೇ ಕುಣಿತ.

ಅದಕ್ಕೊಂದು ಕೆಟ್ಟ ಗುಣವಿತ್ತು. ತಿರುವಿನಲ್ಲಿ ಸಾಧಾರಣ ವೇಗಕ್ಕೂ ಚಕ್ರ ಹೊಟ್ಟೆಯಡಿಗೆ ಮಡಚಿ ಕಾರು ಮಗುಚಬಹುದು. ತೋಳು ಅಷ್ಟು ಇಳಿಯದಂತೆ ಎರಡು ಕ್ಯಾನ್ವಾಸ್ ಪಟ್ಟಿ ಕಟ್ಟಬೇಕು, ಅರ್ಧ ಗಂಟೆಯ ಕೆಲಸ. ಕ್ಲೆಮ್ ಎರಡು ಸಲ ಕೇಳಿದ್ದ. ಶನಿವಾರ ನೋಡೋಣ ಎಂದಿದ್ದ ಹೊರೇಸ್. ಗುರುವಾರವೇ ಗಿರಣಿ ಗುಡ್ಡದ ತಿರುವಿನಲ್ಲಿ ಕಾರು ಮಗುಚಿ ಕ್ಲೆಮ್ ಸತ್ತ. ವಿಚಾರಣೆಯಲ್ಲಿ ಹೊರೇಸ್ ಟೋಪಿ ತೆಗೆದು ನಿಂತು, ಅವನು ಯಾವಾಗಲೂ ಜೋರಾಗಿಯೇ ಓಡಿಸುತ್ತಿದ್ದ ಎಂದ. ಪಟ್ಟಿಯ ಸುದ್ದಿ ಎತ್ತಲಿಲ್ಲ. ಸತ್ತವನು ಬಂದು ಸಾಕ್ಷಿ ಹೇಳುತ್ತಾನೆಯೇ?

ಕ್ಲೆಮ್‌ನ ಹೆಂಡತಿ ಬೆರಿಲ್ ಅದನ್ನು ನಂಬಿದಳು. ಭಾನುವಾರ ಭಾನುವಾರ ಒಂಟಿ ಹೊರೇಸನಿಗೆ ಕಡುಬು ಮಾಡಿ ತರುತ್ತಿದ್ದವಳು ಅವಳೊಬ್ಬಳೇ. ಅವಳಿಗೆ ನಿಜ ಗೊತ್ತಾದರೆ ತನ್ನ ಗೇಟು ತೆರೆಯುವವರು ಲೋಕದಲ್ಲಿ ಯಾರೂ ಉಳಿಯುವುದಿಲ್ಲ ಎಂಬ ಭಯ ಅವನನ್ನು ತಿನ್ನುತ್ತಿತ್ತು.

ಎರಡು ವರ್ಷದ ಮೇಲೆ ಅವನು ಮಗುಚಿದ ಆ ಕಾರನ್ನೇ ರಿಪೇರಿ ಮಾಡಿ ಮತ್ತೆ ಎತ್ತಿ ನಿಲ್ಲಿಸಿದ, ಈ ಸಲ ಪಟ್ಟಿ ಸಮೇತ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಇಂಥ ಕಾರನ್ನು ಜಾಕಿನಿಂದ ಇಳಿಸಿದರೂ ಹಿಂದಿನ ಚಕ್ರಗಳು ಒಳಕ್ಕೆ ಮಡಚಿಕೊಂಡೇ ಇರುತ್ತವೆ, ಆಗಷ್ಟೇ ಎದ್ದು ನಿಂತ ಕರುವಿನ ಕಾಲಿನ ಹಾಗೆ. ಒಬ್ಬರು ಒಳಗೆ ಕೂರಬೇಕು, ಇನ್ನೊಬ್ಬರು ಒಂದು ಗಜ ಹಿಂದೆ ಮುಂದೆ ತಳ್ಳಬೇಕು. ಆಗ ಒಳಗಿನವರ ಭಾರಕ್ಕೆ ಚಕ್ರ ಅಗಲಿಸಿ ಕಾರು ಕೆಳಗಿಳಿದು ಕೂರುತ್ತದೆ. ಒಳಗೆ ಕೂರುವುದು ಕ್ಲೆಮ್‌ನ ಪಾಲಾಗಿತ್ತು, ತಳ್ಳುವುದು ಹೊರೇಸನದು.

ಈಗ ಖಾಲಿ ಕಾರನ್ನು ತಳ್ಳಿದರೂ ಅದು ಕೂತುಬಿಟ್ಟಿತು. ಮೊದಲು ಬಲಗಡೆ, ಚಾಲಕನ ಕಡೆ, ನಿಧಾನವಾಗಿ. ಸ್ಪ್ರಿಂಗ್ ಸೋತಿದೆ ಎಂದುಕೊಂಡು ಹೊಸದು ಹಾಕಿದ. ಹೊಸದೂ ಅಷ್ಟೇ ಕುಸಿಯಿತು. ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದರೆ ತಾನೇ ಬಿಗಿದ ಪಟ್ಟಿಗಳೆರಡೂ ಬಿಚ್ಚಿಕೊಂಡು, ಸುರುಳಿ ಸುತ್ತಿಕೊಂಡು, ಬೆಂಚಿನ ಮೇಲೆ ಕೂತಿದ್ದವು. ಮೂರು ದಿನ ಕಟ್ಟಿದ, ಮೂರು ದಿನವೂ ಹಾಗೇ.

ಭಾನುವಾರ ಬೆರಿಲ್ ಬಂದಳು. ಕಡುಬನ್ನು ಬೆಂಚಿನ ಮೇಲೆ, ಪಟ್ಟಿಗಳ ಪಕ್ಕದಲ್ಲೇ ಇಟ್ಟಳು.

"ಒಂದ್ಸಲ ಅವನ ಸೀಟಲ್ಲಿ ಕೂತ್ಕೋತೀನಿ ಹೊರೇಸ್. ಆಮೇಲೆ ಇದರ ಸುದ್ದಿಗೇ ಬರಲ್ಲ."

ಕಾರು ಆಗಷ್ಟೇ ಜಾಕಿನಿಂದ ಇಳಿದಿತ್ತು. ಅವಳು ಬಲಗಡೆ ಹತ್ತಿದಳು. ಅವನು ಹಿಂದಿನಿಂದ ತಳ್ಳಿದ. ಬಲಗಡೆ ಅವಳ ಭಾರಕ್ಕೆ ಸ್ವಲ್ಪ ಇಳಿಯಿತು. ಎಡಗಡೆ ಅದಕ್ಕಿಂತ ಆಳಕ್ಕೆ ಕುಸಿಯಿತು, ಹೆಂಡತಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ ಗಂಡಸಿನ ಹಾಗೆ.

ಬೆರಿಲ್ ಪಕ್ಕದ ಖಾಲಿ ಸೀಟಿನ ಮೇಲೆ ಅಂಗೈ ಇಟ್ಟಳು. "ಇದು ಬೆಚ್ಚಗಿದೆಯಲ್ಲೋ."

ಇನ್ನು ತಡೆಯಲು ಅವನಿಂದ ಆಗಲಿಲ್ಲ. "ಅವನು ಜೋರಾಗಿ ಓಡಿಸ್ಲಿಲ್ಲ, ಬೆರಿಲ್. ಪಟ್ಟಿ ಇರ್ಲಿಲ್ಲ. ಕಟ್ಟು ಅಂತ ಎರಡು ಸಲ ಕೇಳ್ದ. ನಾನೇ ಶನಿವಾರ ಅಂದೆ."

ಬೆರಿಲ್ ಆ ಸೀಟಿನಿಂದ ಕೈ ತೆಗೆದು ಸ್ಟೀರಿಂಗ್ ಹಿಡಿದಳು.

"ಜೋರಾಗಿ ಓಡ್ಸಿ ಹೆಂಡ್ತೀನ ಬಿಟ್ಟು ಹೋದ ಮುಟ್ಠಾಳ ಅಂತ ಬೈಕೊಂಡೇ ಇದ್ದೆ ಕಣೋ. ಎರಡು ವರ್ಷ ಅವನ ಗೋರಿಗೆ ಒಂದು ಹೂ ಇಡ್ಲಿಲ್ಲ."

ಇಳಿದು, ಕಡುಬನ್ನು ಎತ್ತಿಕೊಂಡು ಹೊರಟಳು. ಹೊರಗೆ ಗೇಟಿನ ಚಿಲಕ ಬಿತ್ತು. ಆಗ ಕಾರಿನ ಎಡಗಡೆ ನಿಧಾನವಾಗಿ ಮೇಲೆದ್ದಿತು, ಯಾರೋ ಅವಳ ಹಿಂದೆಯೇ ಇಳಿದು ಹೋದಂತೆ.

ಆ ರಾತ್ರಿ ಅವನು ಪಟ್ಟಿಗಳನ್ನು ಮತ್ತೆ ಕಟ್ಟಿದ. ಮರುದಿನ ಅವು ಕಟ್ಟಿದಲ್ಲೇ ಇದ್ದವು. ಹೊರೇಸ್ ಕಾರನ್ನು ಜಾಕಿಗೆ ಎತ್ತಿ ಇಳಿಸಿದ, ತಳ್ಳಿದ, ತನ್ನ ತೋಳು ಸೋಲುವ ತನಕ ತಳ್ಳಿದ. ಚಕ್ರಗಳು ಮಡಚಿಕೊಂಡೇ ಇದ್ದವು. ಕೊನೆಗೆ ತಾನೇ ಒಳಗೆ ಹತ್ತಿ ಕೂತ. ತಳ್ಳುವವರು ಯಾರೂ ಇರಲಿಲ್ಲ.