ಏಳನೇ ಪ್ರಶ್ನೆಯ ಸೊನ್ನೆ

ನಲವತ್ತೆರಡು ಮನೆ, ನಲವತ್ತೆರಡು ಫಾರಂ, ಏಳನೇ ಪ್ರಶ್ನೆಗೆ ಎಲ್ಲದರಲ್ಲೂ ಸೊನ್ನೆ. ‘ತೀರಿಹೋದ ಮಕ್ಕಳೆಷ್ಟು?’ ಎಂಬ ಪ್ರಶ್ನೆ ಅದು. ಫಾರಂ ತುಂಬಿದವಳು ಅಕ್ಕತಂಗಿಯರಿಬ್ಬರಲ್ಲಿ ದೊಡ್ಡವಳು, ಆ ನೆಲದ ಮೂಲನಿವಾಸಿಗಳಲ್ಲಿ ಸಮೀಕ್ಷೆಯ ತರಬೇತಿ ಪಡೆದ ಮೊದಲ ಹೆಣ್ಣು.

“ನಿಮ್ಮ ಕೇರಿ ಪುಣ್ಯ ಮಾಡಿದೆ,” ಎಂದರು ತರಬೇತಿ ಕೊಟ್ಟ ಪ್ರೊಫೆಸರು. “ಹಿಂದಿನ ಮೂರು ಸಮೀಕ್ಷೇಲೂ ಹೀಗೇ. ಇದನ್ನ ಹಿಡ್ಕೊಂಡು ಹೆರಿಗೆ ಕೇಂದ್ರ ಕೇಳೋದು ಹೇಗಮ್ಮ?”

ದೊಡ್ಡವಳ ತಂಗಿ ಏಳು ತಿಂಗಳ ಬಸುರಿ. ಹತ್ತಿರದ ಹೆರಿಗೆ ಆಸ್ಪತ್ರೆ ಮೂರು ಗಂಟೆಯ ದಾರಿ.

ಹಿಂದೆ ಸಮೀಕ್ಷೆಗೆ ಬಂದವರನ್ನು ಅವಳು ಬಾಯ್ತುಂಬ ಬೈದವಳು. ಭಾಷೆ ಬಾರದವರು, ಬಾಗಿಲಲ್ಲೇ ನಿಂತು ಗೀಚಿಕೊಂಡು ಹೋಗುವವರು ಎಂದು. ಈಗ ನೋಡಿದರೆ ಅದೇ ಗುಂಡಿಗೆ ತಾನೂ ಬಿದ್ದಿದ್ದಳು, ಅದೂ ಸ್ವಂತ ಭಾಷೆಯಲ್ಲಿ. ಅವರ ಜನರಲ್ಲಿ ಸತ್ತ ಮಗುವನ್ನು ಯಾರೂ ಸತ್ತಿತು ಅನ್ನುವುದಿಲ್ಲ. ಹಾಗೆ ಅಂದುಬಿಟ್ಟರೆ ಅದಕ್ಕೆ ಮನೆಗೆ ಬರುವ ದಾರಿ ತಪ್ಪುತ್ತದಂತೆ. ಎಲ್ಲರಿಗಿಂತ ಮೊದಲು ಅವಳು ತುಂಬಿದ್ದು ತನ್ನ ಮನೆಯ ಫಾರಂ: ಮಕ್ಕಳು ಮೂರು, ತೀರಿಹೋದವರು ಸೊನ್ನೆ. ಅಮ್ಮನನ್ನು ಕೇಳಲೂ ಇಲ್ಲ. ಪೆನ್ನು ತಾನಾಗಿ ಬರೆದಿತ್ತು.

ಆ ಮೂವರಲ್ಲಿ ಒಬ್ಬ ಅಣ್ಣ. ಅವನನ್ನು ಅವಳು ನೋಡಿಲ್ಲ. ಅವನಿಗೆಂದು ಅಮ್ಮ ಮುಂಬಾಗಿಲನ್ನು ಗೇಣುದ್ದ ತೆರೆದೇ ಇಡುತ್ತಾಳೆ, ಚಳಿಯಿರಲಿ, ಗಾಳಿಯಿರಲಿ. ಬಾಗಿಲು ಕಿರ್ ಎಂದರೆ ತಲೆಯೆತ್ತದೆ ಹೇಳುವಳು, “ನಿಮ್ಮಣ್ಣ ಕಣ್ರೇ.” ನಗಬೇಕೋ ಹೆದರಬೇಕೋ ತಿಳಿಯದೆ ಅಕ್ಕತಂಗಿ ಬೆಳೆದರು. ಮೂವತ್ತು ದಾಟಿದರೂ ದೊಡ್ಡವಳು ಆ ಸಂದಿಗೆ ಬೆನ್ನು ಹಾಕಿ ಕೂರುವುದಿಲ್ಲ.

ಮಧ್ಯಾಹ್ನ ಫಾರಂ ಹಿಡಿದು ಅಮ್ಮನ ಮುಂದೆ ಕೂತಳು. ಹುಟ್ಟಲಿರುವ ಮೊಮ್ಮಗುವಿಗೆಂದು ಅಮ್ಮ ಹಳೇ ಬಟ್ಟೆ ಹರಿದು ಮಡಿಸುತ್ತಿದ್ದಳು.

“ಅಮ್ಮಾ, ನಿಂಗೆ ಮಕ್ಕಳೆಷ್ಟು?”

“ತಲೆ ಕೆಟ್ಟಿದ್ಯೇನೇ? ಮೂರು.”

“ತೀರಿಹೋದೋರು?”

ಅಮ್ಮನ ಕೈ ನಿಂತಿತು. ಬಾಗಿಲು ಮೆಲ್ಲಗೆ ಅಲುಗಿತು. ಗಾಳಿಯೇನೂ ಇರಲಿಲ್ಲ.

“ಅವನ ಎದುರಿಗೇ ಕೇಳ್ತೀಯಲ್ಲೇ!”

“ನೀನು ಹೇಳದಿದ್ರೆ ಇಲ್ಲಿಗೆ ಹೆರಿಗೆ ಕೇಂದ್ರ ಬರಲ್ಲಮ್ಮ. ತಂಗೀನೂ ನಿನ್ನ ಹಾಗೇ ಗಾಡೀಲಿ, ಅರ್ಧ ದಾರೀಲಿ ಹೆತ್ರೆ...”

ಅಮ್ಮ ಬಾಗಿಲ ಕಡೆ ನೋಡಿದಳು. ಆಮೇಲೆ, “ಬರ್ಕೋ,” ಎಂದಳು. “ಒಂದು. ಗಂಡು. ಎರಡು ಸಲ ಅತ್ತ. ಮೂರನೇ ಸಲ ಅಳಲಿಲ್ಲ.”

ದೊಡ್ಡವಳು ಸೊನ್ನೆ ಹೊಡೆದುಹಾಕಿ ಒಂದು ಬರೆದಳು. ಅಣ್ಣನನ್ನು ತಾನೇ ಕೊಂದ ಹಾಗನ್ನಿಸಿ ಅಳು ಬಂತು.

“ಅತ್ತಿದ್ದು ಸಾಕು, ಏಳು. ಉಳಿದ ಮನೆಗಳಿಗೆ ನಾನೂ ಬರ್ತೀನಿ. ಹೆರದೋಳು ಬಂದು ಕೇಳಿದ್ರೆ ಯಾವ ತಾಯಿ ಬಾಯಿ ಬಿಡ್ತಾಳೆ? ಮೊದ್ಲು ನಂದು ನಾನು ಹೇಳ್ತೀನಿ. ಆಮೇಲೆ ನೀನು ಕೇಳು.”

ಹೊಸಿಲು ದಾಟಿ ಹತ್ತು ಹೆಜ್ಜೆ ನಡೆದ ಅಮ್ಮ ಏನೋ ನೆನಪಾಗಿ ಹಿಂದಿರುಗಿದಳು. ಖಾಲಿ ಅಂಗಳದ ಕಡೆ ನೋಡಿ, “ಹೋಗಪ್ಪ,” ಎಂದಳು. ಹೋಗಿ ಬಾ ಅನ್ನಲಿಲ್ಲ. ಬಾಗಿಲನ್ನು ಪೂರ್ತಿ ಎಳೆದು ಚಿಲಕಕ್ಕೆ ಕೈ ಹಾಕಿದಳು. ಮೂವತ್ತನಾಲ್ಕು ವರ್ಷದ ತುಕ್ಕು, ಅದು ಕದಲಲಿಲ್ಲ.

“ನೀನೂ ಒಂದು ಕೈ ಹಾಕೇ,” ಎಂದಳು ಮಗಳಿಗೆ.